ಎಚ್‌ಎಂಟಿ 2511 ದುರಸ್ತಿ: ಚಿಂತಾಮಣಿಯಿಂದ ಮಧುಗಿರಿಗೆ ಸಾಗಣೆ

ಚಿಂತಾಮಣಿ ತಾಲ್ಲೂಕಿನ ತೋಟವೊಂದರಲ್ಲಿ ವರ್ಷಗಟ್ಟಲೆ ನಿಂತಿದ್ದ ಎಚ್‌ಎಂಟಿ 2511 ಟ್ರ್ಯಾಕ್ಟರ್ ಈಗ ಮಧುಗಿರಿಯ ನಮ್ಮ ಶೆಡ್ಡಿಗೆ ಬಂದು ಸೇರಿದೆ. ಚೆಕೊಸ್ಲೊವಾಕಿಯಾದ ಜೀಟರ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ತಯಾರಿಸಲು ಆರಂಭಿಸಿದ, 25 ಅಶ್ವಶಕ್ತಿಯ, ಎರಡು ಸಿಲಿಂಡರಿನ ಯಂತ್ರವಿದು. ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲೇ ಆಗಿರುವುದರಿಂದ, ದಾರಿಯಲ್ಲಿ ಒಂದು ಮಡ್‌ಗಾರ್ಡ್ ನಜ್ಜುಗುಜ್ಜಾದರೂ ಬದಲಿಗಾಗಿ ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ. ಆದ್ದರಿಂದ ಈ ಹಂತದಲ್ಲಿ ನಂಬಿಕಸ್ಥ ಸಾಗಣೆದಾರರನ್ನು ಹುಡುಕುವುದಕ್ಕೇ ಹೆಚ್ಚು ಸಮಯ ಕೊಟ್ಟೆ.

ಟೊಮೆಟೊ ಇಳಿಸಿ ಖಾಲಿ ಮರಳುವ ಕ್ಯಾಂಟರಿನವರೊಬ್ಬರು ಎಲ್ಲರಿಗಿಂತ ಕಡಿಮೆ ಬಾಡಿಗೆ ಹೇಳಿದರು. ಆದರೆ ಗಾಡಿ ಯಾವುದು, ಅದರ ಚಕ್ರ ಉರುಳುತ್ತದೆಯೇ ಎಂದು ಕೇಳಲಿಲ್ಲ. ಕೃಷಿ ಯಂತ್ರಗಳನ್ನೇ ಹೆಚ್ಚಾಗಿ ಸಾಗಿಸುವ ಮತ್ತೊಬ್ಬರು ದರ ಹೇಳುವ ಮೊದಲೇ ಬ್ರೇಕ್ ಹಿಡಿಯುತ್ತದೆಯೇ, ಸ್ಟೇರಿಂಗ್ ತಿರುಗುತ್ತದೆಯೇ, ಲೋಡ್ ಮಾಡಲು ಹತ್ತಿರದಲ್ಲಿ ದಿಣ್ಣೆ ಇದೆಯೇ ಎಂದೆಲ್ಲ ವಿಚಾರಿಸಿ, "ಹಿಂದಿನ ಟೈರಿಗೆ ನೀರು ತುಂಬಿಸಿದ್ದಾರಾ ಸಾರ್?" ಎಂದರು. ಹೊಲದಲ್ಲಿ ಚಕ್ರ ಜಾರದಿರಲೆಂದು ತುಂಬಿಸುವ ಆ ನೀರು ತೂಕಕ್ಕೆ ಕೆಲವು ಕ್ವಿಂಟಲ್ ಸೇರಿಸುತ್ತದೆ ಎಂಬುದು ಗೊತ್ತಿದ್ದವರಷ್ಟೇ ಕೇಳುವ ಪ್ರಶ್ನೆ ಅದು. ಬಾಡಿಗೆ ಹೆಚ್ಚಾದರೂ ಅವರನ್ನೇ ಒಪ್ಪಿಕೊಂಡೆ.

ಅವರ ಲಾರಿಯ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ವಿಮೆ ಮತ್ತು ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಂಡೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಹೆಚ್ಚಿನ ಹೊಣೆಗೆ ಮುಂಚಿತವಾಗಿ ಒಪ್ಪಂದವಾಗದಿದ್ದರೆ ಸರಕಿಗೆ ಹಾನಿಯಾದಾಗ ನೋಂದಾಯಿತ ಸಾಗಣೆದಾರರು ಕೊಡಬೇಕಾದ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಹೀಗಾಗಿ ಟ್ರ್ಯಾಕ್ಟರಿನ ಬೆಲೆ, ಚಾಸಿ ಸಂಖ್ಯೆ ಮತ್ತು ಆಗಲೇ ಇದ್ದ ಜಖಂಗಳನ್ನು ರಸೀದಿಯಲ್ಲಿ ಬರೆಸಿ, ಇಬ್ಬರೂ ಸಹಿ ಮಾಡಿದೆವು. ಆರ್‌ಸಿ ಪ್ರತಿಯನ್ನೂ ಮಾಲೀಕತ್ವ ವರ್ಗಾವಣೆಗಾಗಿ ಮಾರಾಟಗಾರರು ಸಹಿ ಮಾಡಿದ್ದ ನಮೂನೆ 29 ಮತ್ತು 30ರ ಪ್ರತಿಗಳನ್ನೂ ಚಾಲಕರ ಕೈಗೆ ಕೊಟ್ಟೆ. ಮುಂಗಡವಾಗಿ ಡೀಸೆಲ್ ಖರ್ಚು, ಉಳಿದದ್ದು ಇಳಿಸಿದ ಮೇಲೆ ಎಂಬ ಮಾತಿಗೆ ಅವರು ತಕರಾರು ಎತ್ತಲಿಲ್ಲ.

ಲೋಡಿಂಗ್ ನೋಡುವಂತಿತ್ತು. ಲಾರಿಯ ಹಿಂಬಾಗಿಲನ್ನು ದಿಣ್ಣೆಗೆ ತಾಗಿಸಿ, ಹಲಗೆ ಹಾಸಿ, ಮುಂದಿನ ಆಕ್ಸಲ್‌ಗೆ ಚೈನ್ ಪುಲ್ಲಿ ಬಿಗಿದು ಎಳೆದರು. ಒಬ್ಬ ಹುಡುಗ ಮರದ ಅಡೆ ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯುತ್ತ, ಗೇಣುದ್ದ ಮುಂದೆ ಹೋದಾಗಲೆಲ್ಲ ಚಕ್ರದ ಹಿಂದೆ ಅದನ್ನು ಇಡುತ್ತಿದ್ದ. ಬೆಲ್ಟುಗಳನ್ನು ಎರಡೂ ಆಕ್ಸಲ್‌ಗಳಿಗೆ ಅಡ್ಡಡ್ಡ ಕಟ್ಟಿದರು. ಸ್ಟೇರಿಂಗ್ ರಾಡಿಗಾಗಲಿ ಹೈಡ್ರಾಲಿಕ್ ತೋಳುಗಳಿಗಾಗಲಿ ಕಟ್ಟಿದರೆ ಅವು ಬಾಗುತ್ತವೆಂದು ಚಾಲಕರೇ ಹುಡುಗನಿಗೆ ಹೇಳಿಕೊಟ್ಟರು. ಗೇರಿನಲ್ಲಿ ನಿಲ್ಲಿಸಿ, ಸೈಲೆನ್ಸರ್ ಕೊಳವೆ ಬಿಚ್ಚಿ, ಅದರ ಬಾಯಿಗೆ ಬಟ್ಟೆ ತುರುಕಿದೆವು.

ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಮಾರ್ಗವಾಗಿ ಬಂದೆವು. ಮಂಚೇನಹಳ್ಳಿಯ ಬಳಿ ಯಾರೂ ಹೇಳದೆಯೇ ಲಾರಿ ನಿಲ್ಲಿಸಿ, ಸಡಿಲವಾಗಿದ್ದ ಒಂದು ಬೆಲ್ಟನ್ನು ಮತ್ತೆ ಬಿಗಿದರು. ಇಳಿಸಿದ ಮೇಲೆ ರಸೀದಿ ಹಿಡಿದು ಸುತ್ತ ಪರಿಶೀಲಿಸಿದೆ. ಹೊಸ ಗೀರು ಒಂದೂ ಇರಲಿಲ್ಲ. ಮುಂದಿನ ವಾರ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಬಿಚ್ಚಿ ಡೀಸೆಲ್ ಪಂಪಿನ ಜೊತೆ ತುಮಕೂರಿಗೆ ಪರೀಕ್ಷೆಗೆ ಒಯ್ಯುತ್ತೇನೆ.