ಚರ್ಚಿನ ಭಾನುವಾರದ ಪ್ರಸಂಗ (ಬೈಬಲ್ ಬೋಧನೆ) ತಯಾರಿಸುವವರಿಗೆ

ಬಿತ್ತನೆ ಶುರುವಾದಾಗ ಬೈಬಲಿನ ಮಾರ್ಕನ ಸುವಾರ್ತೆ 4ನೇ ಅಧ್ಯಾಯದ ಬೀಜದ ಸಾಮ್ಯ (ಯೇಸು ಹೇಳಿದ ದೃಷ್ಟಾಂತ ಕಥೆ) ನೆನಪಾಗುತ್ತೆ. 26ರಿಂದ 29, ನಾಲ್ಕೇ ವಚನ. ದಾವಣಗೆರೆ ಸುತ್ತಿನ ಸಭೆಗಳಲ್ಲಿ ಎದುರಿಗೆ ಕೂತವರಲ್ಲಿ ಎಷ್ಟೋ ಜನ ಮೆಕ್ಕೆಜೋಳ ಬೆಳೆಯೋರು. ಅವರಿಗೆ ಬಿತ್ತನೆ ಹೇಗೆ ಅಂತ ಹತ್ತು ನಿಮಿಷ ವಿವರಿಸೋದು ಬೇಡ. ಬೀಜ ಹೇಗೆ ಬೆಳೆಯಿತೋ ಬಿತ್ತಿದವನಿಗೇ ತಿಳಿಯದು ಅನ್ನುತ್ತೆ 27ನೇ ವಚನ. ಸಾಮ್ಯದ ಜೀವ ಅಲ್ಲಿದೆ, ಸಮಯವನ್ನೂ ಅಲ್ಲೇ ಕೊಡಿ. ಮಕ್ಕಳಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸುತ್ತಿರುವ ತಾಯಂದಿರು ಆ ಮಾತಿಗೇ ಕಾದಿರ್ತಾರೆ.

ಪ್ರಸಂಗದ ಸಾರ ಒಂದೇ ವಾಕ್ಯದಲ್ಲಿ ಬರೆಯಲು ಆಗದಿದ್ದರೆ ತಯಾರಿ ಮುಗಿದಿಲ್ಲ. ವಚನದ ಮೇಲೆ ವಚನ ಪೇರಿಸಿದರೆ ಜನ ಪುಟ ತಿರುವುತ್ತಲೇ ಉಳೀತಾರೆ, ಮಾತು ಮುಂದೆ ಹೋಗಿರುತ್ತೆ. ಅಧ್ಯಾಯ, ವಚನ ಎರಡು ಸಲ ಹೇಳಿ, ಪುಟದ ಸದ್ದು ನಿಲ್ಲೋವರೆಗೆ ಕಾಯಿರಿ.

ಇನ್ನು ಮೈಕ್. ತಗಡಿನ ಚಾವಣಿ ಕೆಳಗೆ ಕೂಗಿದಷ್ಟೂ ಪ್ರತಿಧ್ವನಿ ಹೆಚ್ಚಿ, ಒಂದು ಪದ ಇನ್ನೊಂದರ ಮೇಲೆ ಬೀಳುತ್ತೆ. ವಾಲ್ಯೂಮ್ ತಗ್ಗಿಸಿ, ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ವಾಕ್ಯದ ಕೊನೇ ಪದ ನುಂಗದೆ ಹೇಳಿ. ಕನ್ನಡದಲ್ಲಿ ಕ್ರಿಯಾಪದ ಬರೋದೇ ಅಲ್ಲಿ. ಸ್ಪೀಕರ್ ಬಾಕ್ಸ್ ಮೈಕಿಗಿಂತ ಮುಂದಿರಲಿ, ಹಿಂದಿದ್ದರೆ ಕೀರಲು ಶಬ್ದ ಬರುತ್ತೆ.