ಬಣ್ಣ ಕಾಣದ ಬಾಟಲಿ

ಪುನರ್ಪುಳಿ (ಕೋಕಂ) ಶರಬತ್ತನ್ನು ಕೊಳ್ಳುವವರು ಮೊದಲು ನೋಡುವುದು ಅದರ ಬಣ್ಣವನ್ನು. ಅಂಥ ಶರಬತ್ತನ್ನು ಬಣ್ಣವೇ ಕಾಣದ ಕಂದು ಗಾಜಿನ ಬಾಟಲಿಯಲ್ಲಿ ತುಂಬಿ ಮಾರುತ್ತೇನೆಂದು ನಾನು ಮನೆಯಲ್ಲಿ ಹೇಳಿದ ದಿನ, ಅಪ್ಪ ಊಟ ಮಾಡುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ, ‘ಹಾಗಾದರೆ ಜನ ಏನನ್ನು ನೋಡಿ ತೆಗೆದುಕೊಳ್ಳಬೇಕು?’ ಎಂದು ಕೇಳಿದರು. ಆಮೇಲಿನ ಮೂರು ವರ್ಷ ನಾನು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿತ್ತು.

ಹಿರಿಯಡಕದ ಸಮೀಪದ ನಮ್ಮ ತೋಟದಲ್ಲಿ 18 ಪುನರ್ಪುಳಿ ಮರಗಳಿವೆ. ಅಕ್ಕಪಕ್ಕದ ನಾಲ್ಕೈದು ಮನೆಗಳ ಹಣ್ಣನ್ನೂ ನಾವೇ ಕೊಳ್ಳುತ್ತೇವೆ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಮಾತ್ರ ಸಿಗುವ ಈ ಹಣ್ಣನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂತಿರುವ ಸಿಪ್ಪೆಯೊಳಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಸಾಲಾಗಿ ಜೋಡಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗಳದ ಬಿಸಿಲಿನಲ್ಲಿಟ್ಟರೆ ವಾರದೊಳಗೆ ಸಕ್ಕರೆಯೆಲ್ಲ ಕರಗಿ ಕಡುಗೆಂಪು ರಸವಾಗಿ ನಿಲ್ಲುತ್ತದೆ. ಅಜ್ಜಿ ಮಾಡುತ್ತಿದ್ದುದು ಹೀಗೆಯೇ. ನಾನು ಅದಕ್ಕೆ ಸೇರಿಸಿದ್ದು ಸೋಸುವ ಶುಚಿ ಮತ್ತು ಅಳತೆಯ ಲೆಕ್ಕವನ್ನಷ್ಟೆ.

ಆ ಕೆಂಪು ನಿಲ್ಲುವಂಥದ್ದಲ್ಲ. ಆಂಥೋಸಯಾನಿನ್ ಎಂಬ ವರ್ಣದ್ರವ್ಯದಿಂದ ಬರುವ ಬಣ್ಣವಾದ್ದರಿಂದ ಬೆಳಕು ಮತ್ತು ಶಾಖ ತಾಗಿದಷ್ಟೂ ಅದು ಕಂದುತ್ತದೆ. ಮೊದಲ ವರ್ಷಗಳಲ್ಲಿ ನಾನೂ ಎಲ್ಲರಂತೆ ಪಾರದರ್ಶಕ ಬಾಟಲಿಯಲ್ಲಿಯೇ ತುಂಬುತ್ತಿದ್ದೆ. ಪಶ್ಚಿಮಕ್ಕೆ ಮುಖ ಮಾಡಿದ ಒಂದು ಅಂಗಡಿಯಲ್ಲಿ ಸಂಜೆಯ ಬಿಸಿಲು ನೇರವಾಗಿ ಕಪಾಟಿಗೆ ಬೀಳುತ್ತಿತ್ತು. ಎರಡು ತಿಂಗಳ ಬಳಿಕ ಅವರು 40 ಬಾಟಲಿಗಳನ್ನು ಹಿಂದಕ್ಕೆ ಕೊಟ್ಟರು. ಒಂದನ್ನು ತೆರೆದು ಕುಡಿದೆ. ರುಚಿ ಕೆಟ್ಟಿರಲಿಲ್ಲ, ಆದರೆ ನೋಡಲು ಹಳೆಯ ಕಷಾಯದಂತಿತ್ತು. ‘ಒಂಚೂರು ಬಣ್ಣ ಹಾಕಿ, ಎಲ್ಲರೂ ಹಾಕುತ್ತಾರೆ’ ಎಂದು ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಏಕೆಂದರೆ ಅವರು ಹೇಳಿದ ದಾರಿ ಅಗ್ಗದ್ದೂ ಆಗಿತ್ತು, ಸುಲಭದ್ದೂ ಆಗಿತ್ತು.

ಬ್ರ್ಯಾಂಡ್ ಕಟ್ಟುವುದೆಂದರೆ ಏನನ್ನು ಸೇರಿಸಬೇಕೆಂದು ಯೋಚಿಸುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಏನನ್ನು ಬಿಡಲು ಸಿದ್ಧರಿದ್ದೇವೆ ಎಂಬುದರಲ್ಲಿಯೇ ನಿಜವಾದ ಅಪಾಯವೂ ಕಲ್ಪನೆಯೂ ಇರುತ್ತವೆ ಎಂದು ನನಗೆ ಹೊಳೆದದ್ದು ನಮ್ಮ ಕಡೆಯವರೇ ಆದ ರಘುನಂದನ ಕಾಮತರ ಕಥೆಯಿಂದ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗನಾದ ಅವರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದಾಗ, ಬರೀ ಐಸ್‌ಕ್ರೀಮ್‌ಗೆ ಜನ ಬರುತ್ತಾರೋ ಇಲ್ಲವೋ ಎಂಬ ಅಳುಕಿನಿಂದ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಜನರನ್ನು ಒಳಗೆ ಕರೆತರುತ್ತಿದ್ದ ಆ ಪಾವ್‌ಭಾಜಿಯನ್ನೇ ಮುಂದೆ ಕೈಬಿಟ್ಟು, ಹಣ್ಣು, ಹಾಲು, ಸಕ್ಕರೆಗಳನ್ನು ಮಾತ್ರ ನಂಬಿ ನಿಂತರು. ಎಳನೀರಿನ ಐಸ್‌ಕ್ರೀಮ್ ಎಂದರೆ ಇಂದಿಗೂ ಆ ಹೆಸರು ನೆನಪಾಗುವುದಕ್ಕೆ ಆ ನಿರ್ಧಾರವೂ ಕಾರಣ ಎಂದು ನಾನು ನಂಬಿದ್ದೇನೆ.

ನಾನು ಮೊದಲು ಬಿಟ್ಟದ್ದು ಹೆಸರನ್ನು. ನನ್ನ ಹಳೆಯ ಲೇಬಲ್ಲಿನಲ್ಲಿ ‘ಉಡುಪಿ’ ಎಂಬ ಪದವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಆ ಪದಕ್ಕೆ ಬೆಲೆ ತಂದುಕೊಟ್ಟವರು ಊರೂರುಗಳಲ್ಲಿ ಒಲೆಯ ಮುಂದೆ ಬೆಂದ ಅಡುಗೆಯವರು ಮತ್ತು ಮಾಣಿಗಳು. ನಾನದನ್ನು ಸಾಲ ತಂದಿದ್ದೆ, ಅಷ್ಟೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರವೂ ಬರೀ ಊರಿನ ಹೆಸರನ್ನು ಸಾಮಾನ್ಯವಾಗಿ ಯಾರೊಬ್ಬರ ಸ್ವತ್ತಾಗಿ ನೋಂದಾಯಿಸುವುದಿಲ್ಲ. ಶರಬತ್ತು ಹುಟ್ಟುವುದು ಅಂಗಳದ ಬಿಸಿಲಿನಲ್ಲಿ. ಅಂಗಳಕ್ಕೆ ತುಳುವಿನಲ್ಲಿ ‘ಜಾಲ್’ ಎನ್ನುತ್ತೇವೆ. ಘಟ್ಟದ ಮೇಲಿನವರಿಗೆ ಅರ್ಥವಾಗದು ಎಂದು ಸ್ನೇಹಿತರೆಲ್ಲ ಎಚ್ಚರಿಸಿದರೂ ಆ ಪದವನ್ನೇ ಆಧಾರವಾಗಿಟ್ಟುಕೊಂಡು ಹೆಸರು ಕಟ್ಟಿದೆ. ಅರ್ಥ ಕೇಳುವವರಿಗೆ ಭರಣಿಯ ಕಥೆಯನ್ನು ಹೇಳುವ ಅವಕಾಶ ಇದರಿಂದ ಸಿಕ್ಕಿತು.

ಎರಡನೆಯದಾಗಿ ಬಿಟ್ಟದ್ದು ಬಣ್ಣದ ಪ್ರದರ್ಶನವನ್ನು. ಕಂದು ಬಾಟಲಿ ಪೂರೈಸುವವರು 3,000ಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದರು; ನಾವು ವರ್ಷಕ್ಕೆ ತುಂಬುತ್ತಿದ್ದುದು 1,100 ಮಾತ್ರ. ಸಹಕಾರಿ ಸಂಘದಲ್ಲಿ ಸಾಲ ಮಾಡಿ ಮೂರು ವರ್ಷದ ಬಾಟಲಿಗಳನ್ನು ಒಮ್ಮೆಗೇ ತಂದು ಉಪ್ಪರಿಗೆಯಲ್ಲಿ ಪೇರಿಸಿದೆ. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲವಾದ್ದರಿಂದ, ಕಾಣದ ಬಣ್ಣವನ್ನು ಕಾಣಿಸುವ ಉಪಾಯ ಹುಡುಕಲೇಬೇಕಾಯಿತು.

ಉಪಾಯ ಸಿಕ್ಕಿದ್ದು ಅಕ್ಕನ ಮಗಳಿಂದ. ಅಡ್ಡಕ್ಕೆ ಕೊಯ್ದ ಹಣ್ಣನ್ನು ಅವಳು ಆಟಕ್ಕೆಂದು ನನ್ನ ಲೆಕ್ಕದ ಪುಸ್ತಕದ ಮೇಲೆ ಒತ್ತಿದ್ದಳು. ಬೀಜಗಳ ಎಸಳುಗಳು ಚಕ್ರದ ಅರಗಳಂತೆ ಮೂಡಿದ್ದವು. ನಾವು ನೋಡುತ್ತಿದ್ದಂತೆಯೇ ಕಾಗದದ ಮೇಲಿನ ಕೆಂಪು ಅಂಚಿನಿಂದ ಒಳಕ್ಕೆ ನೇರಳೆಗೆ ತಿರುಗತೊಡಗಿತು. ಕ್ಷಾರ ಗುಣದ ಕಾಗದ ತಾಗಿದರೆ ಈ ಬಣ್ಣ ಹೀಗೆ ಬದಲಾಗುತ್ತದೆ ಎಂದು ಆಮೇಲೆ ತಿಳಿಯಿತು. ಆ ಮುದ್ರೆಯನ್ನೇ, ಅರ್ಧ ಕೆಂಪು ಅರ್ಧ ನೇರಳೆಯಾಗಿ, ಲೇಬಲ್ಲಿಗೆ ಅಚ್ಚು ಹಾಕಿಸಿದೆ. ಕೆಳಗೆ ತುಂಬಿದ ತಿಂಗಳು, ಅದರಡಿಯಲ್ಲಿ ಒಂದೇ ಸಾಲು: ‘ಬಣ್ಣ ಲೋಟದಲ್ಲಿ ಕಾಣುತ್ತದೆ.’ ಪ್ರತಿ ಅಂಗಡಿಗೂ ಒಂದು ಬಾಟಲಿಯನ್ನು ತೆರೆದಿಡಲು ಉಚಿತವಾಗಿ ಕೊಟ್ಟು, ಕೇಳಿದವರಿಗೆ ಗಾಜಿನ ಲೋಟದಲ್ಲಿ ನೀರು ಬೆರೆಸಿ, ಹುರಿದ ಜೀರಿಗೆ ಮತ್ತು ಚಿಟಿಕೆ ಉಪ್ಪಿನೊಂದಿಗೆ ಕೊಡುವಂತೆ ವಿನಂತಿಸಿದೆ.

ಲೇಬಲ್ಲಿನ ಹಿಂಬದಿಯಲ್ಲಿ ನಮ್ಮ ಹೆಸರನ್ನು ಮತ್ತೊಮ್ಮೆ ಅಚ್ಚು ಹಾಕಿಸಿದ್ದೇನೆ. ಬಾಟಲಿ ಖಾಲಿಯಾದ ಮೇಲೆ ಮಾತ್ರ ಅದನ್ನು ಒಳಗಿನಿಂದ ಓದಬಹುದು. ಚಿಕ್ಕಂದಿನಲ್ಲಿ ಮಧ್ಯಾಹ್ನ ಮಲಗಿ ಮೇಲೆ ನೋಡಿದರೆ ಹಂಚಿನ ಒಳಮೈಯಲ್ಲಿ ಉಬ್ಬಿದ ಅಕ್ಷರಗಳು ಕಾಣುತ್ತಿದ್ದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಬಂದ ಎಷ್ಟೋ ಕಾರ್ಖಾನೆಗಳು ತಮ್ಮ ಹೆಸರನ್ನು ಹಾಗೆ ಒತ್ತಿದವು. ಬೀದಿಯಲ್ಲಿ ಹೋಗುವವರಿಗೆ ಆ ಹೆಸರು ಕಾಣದು. ಮಾಡು ಸೋರಿದ ದಿನ ಮನೆಯವರಿಗೆ ಮಾತ್ರ ಕಾಣುತ್ತದೆ. ಅಲ್ಲಿ ಹೆಸರು ಬರೆಯುವ ಧೈರ್ಯ ನನಗೂ ಬೇಕೆನಿಸಿತು.

ಮೊದಲ ಹಂಗಾಮಿನಲ್ಲಿ 9 ಅಂಗಡಿಗಳ ಪೈಕಿ 3 ಅಂಗಡಿಯವರು ಕಂದು ಬಾಟಲಿ ಬೇಡವೆಂದರು. ಹೋದದ್ದು 700 ಬಾಟಲಿ. ಸಾಲದ ಕಂತು ಕಟ್ಟಲು ಅಡಿಕೆಯ ಹಣವನ್ನು ಇತ್ತ ತಿರುಗಿಸಬೇಕಾಯಿತು, ಮನೆಯಲ್ಲಿ ಮಾತು ಕಡಿಮೆಯಾಯಿತು. ಎರಡನೆಯ ಹಂಗಾಮಿನಲ್ಲಿ 950, ಕಳೆದ ಬಾರಿ 1,150. ಪಶ್ಚಿಮ ದಿಕ್ಕಿನ ಅಂಗಡಿಯವರು ಈಗ ಅದೇ ಕಪಾಟಿನಲ್ಲಿ ನಮ್ಮ ಬಾಟಲಿ ಇಡುತ್ತಾರೆ, ಒಂದೂ ಹಿಂದೆ ಬಂದಿಲ್ಲ.

ಬೆಂಗಳೂರಿನ ಒಬ್ಬರು ಪ್ರತಿ ತಿಂಗಳು 500 ಬಾಟಲಿ ಬೇಕೆಂದು ಮೊನ್ನೆ ಫೋನ್ ಮಾಡಿದ್ದರು. ನಮ್ಮ ಹಣ್ಣಿನ ಲೆಕ್ಕ ಹೇಳಿ, ನವೆಂಬರ್ ಬಳಿಕ ಕೊಡಲಾರೆ ಎಂದೆ. ಅವರ ಉತ್ತರ ಇನ್ನೂ ಬಂದಿಲ್ಲ. ಉಪ್ಪರಿಗೆಯಲ್ಲಿ ಉಳಿದಿರುವ ಖಾಲಿ ಬಾಟಲಿಗಳು 200. ಮರದಲ್ಲಿ ಕಾಯಿ ಕೆಂಪಾಗತೊಡಗಿದೆ. ಈ ಸಲದ ಆರ್ಡರಿನ ಚೀಟಿಯಲ್ಲಿ ‘ಕಂದು, 3,000’ ಎಂದು ಬರೆದುಕೊಟ್ಟದ್ದು ಅಪ್ಪ.