ಅಗ್ವಾದ ಜೈಲಿನೊಳಗ ಅವ್ವನ ಜೊತಿ

ಅವ್ವ ಹುಬ್ಬಳ್ಳಿಯಿಂದ ಗೋವಾದ ವಾಸ್ಕೋಕ್ಕ ಬಂದಾಳ, ಬೀಚ್ ನೋಡಿದ್ದಾತು ಅಂತ ನಿನ್ನೆ ಅಗ್ವಾದ ಕೋಟೆ ಕೆಳಗಿನ ಹಳೇ ಜೈಲಿಗೆ ಕರ್ಕೊಂಡ್ ಹೋಗಿದ್ದೆ, ಈಗದು ಗೋವಾ ಸ್ವಾತಂತ್ರ್ಯ ಹೋರಾಟದ ಮ್ಯೂಸಿಯಂ. 1946ರಾಗ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವ್ರನ್ನ ಪೋರ್ಚುಗೀಸರು ಇಲ್ಲೇ ಕೂಡಿಹಾಕಿದ್ರು. ಗೋವಾ ಹೋರಾಟದ ಮುಂದಾಳು ಟಿ.ಬಿ. ಕುನ್ಹಾ ಅವ್ರನ್ನೂ ಇಲ್ಲೇ ಇಟ್ಟು, ಎಂಟು ವರ್ಷ ಶಿಕ್ಷೆ ಕೊಟ್ಟು, ಆಮೇಲೆ ದೂರದ ಪೋರ್ಚುಗಲ್‌ನ ಪೆನಿಷ್ ಕೋಟೆಗೆ ಸಾಗಿಸಿದ್ರು, ಮಾತಾಡಿದ್ದಕ್ಕ, ಬರ್ದಿದ್ದಕ್ಕ ಅಷ್ಟು ಶಿಕ್ಷೆ!

ಗ್ವಾಡಿ ಆಚೆ ಸಮುದ್ರ, ಒಳಗ ನಿಂತ್ರೆ ಅಲೆ ಸಪ್ಪಳ ಅಷ್ಟೇ, ರಾತ್ರಿಯೆಲ್ಲಾ ಅದನ್ನೇ ಕೇಳ್ಕೋತ ಮಲಗ್ತಿದ್ರೇನೋ ಅನ್ನಿಸ್ತು. ಜನ ಸೆಲ್ಫಿ ತಗೋತಿದ್ರು, ಅವ್ವ ಮಾತ್ರ ಒಂದು ಸೆಲ್ ಬಾಗಿಲ ಹೊರಗ ಚಪ್ಪಲಿ ಬಿಟ್ಟು ಒಳಗ ಹೋದ್ಲು, ಯಾಕಂತ ನಾ ಕೇಳ್ಲಿಲ್ಲ, ನಾನೂ ಬಿಟ್ಟೆ.